ಮಲಗಿಸಿ ಕಿತ್ತ ಹಲ್ಲು

ಕೇಳ್ರವ್ವಾ, ಇವತ್ತು ಎತ್ತಿನ ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡು ಬಂದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದ ಡಾಕ್ಟರು ಕಳೆ ಕೀಳುವವರಂತೆ ಬಗ್ಗಿ, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನರಳಿದರು. ಇನ್ನೊಂದು ಕೈಯಲ್ಲಿ ಇಕ್ಕಳ ನಡುಗುತ್ತಿತ್ತು. ಪಕ್ಕದ ಒಳ್ಳೆ ಹಲ್ಲೇ ಹೋದೀತು ಅಂತ ನನಗೆ ಭಯ.

"ಸಾ, ಲಾಳ ಕಟ್ಟೋರು ಎತ್ತನ್ನ ಕೆಡವಿ, ತಾವು ಕೂತ್ಕತಾರೆ. ನೀವ್ಯಾಕೆ ಬಗ್ಗಿ ಸಾಯ್ತೀರಿ? ನಾನೇ ಮನಿಕತೀನಿ" ಎಂದೆ.

"ಏನಜ್ಜಿ, ನೀವೇನು ಎತ್ತಾ?"

"ಒದೆಯಲ್ಲ, ಕೂತ್ಕಳಿ!"

ಬೆಂಚಿನ ಮೇಲೆ ಮಲಗಿದೆ. ಅವರು ಸ್ಟೂಲು ಎಳೆದುಕೊಂಡು ನನ್ನ ತಲೆಯ ಹತ್ತಿರ ಕೂತರು. ಕೈ ನಡುಗಲಿಲ್ಲ, ಕೆಟ್ಟ ಹಲ್ಲೇ ಬಂತು. ಡಾಕ್ಟರಿಗೆ ಎಷ್ಟು ಖುಷಿಯೆಂದರೆ, ಆಮೇಲೆ ಒಳಗೆ ಬಂದವನಿಗೂ "ಮಲಗಪ್ಪ" ಎಂದರು. ಅವನು ಪಾಪ, ಅವರ ಮನೆಗೆ ಹಾಲು ತಂದವನು.