ಸಮುದ್ರ ಇಷ್ಟವಿಲ್ಲವೆಂದ ಅಕ್ಕ

ತೆಂಗಿನಕಾಯಿ ತುರಿಯುತ್ತಾ ಕುಳಿತವರ ನಾಲಿಗೆಯ ಕಾವಲು ತುಸು ಸಡಿಲವಾಗುತ್ತದೆಂಬುದನ್ನು ನೀವೂ ಗಮನಿಸಿರಬಹುದು. ಕಾಪುವಿನ ಕಡಲ ಬದಿಯಲ್ಲಿರುವ ನನ್ನ ಅಕ್ಕ ಸುಮತಿ ಒಂದು ಭಾನುವಾರ ಹಾಗೆ ಕುಳಿತಿದ್ದಾಗ, ಮಣಿಪಾಲದಲ್ಲಿ ಓದುವ ಅವಳ ಮಗಳು ಶ್ರಾವ್ಯಾ ಮೊಬೈಲ್ ಹಿಡಿದು ಎದುರಿಗೆ ಬಂದಳು. ಯಾರೂ ಒಪ್ಪದ ತಮ್ಮ ಅಭಿಪ್ರಾಯವೊಂದನ್ನು ಕ್ಯಾಮೆರಾದ ಮುಂದೆ ಹೇಳುವ ರೀಲ್ಸ್‌ಗಳ ಕಾಲ ಅದು. ಗೋಳಿಬಜೆಗೆ ಚಟ್ನಿಯೇ ಬೇಡವೆಂದು ನಾನೂ ಒಂದು ಮಾಡಿ, ಉಡುಪಿಯ ನನ್ನ ಆಫೀಸಿನಲ್ಲಿ ಸಾಕಷ್ಟು ಬೈಸಿಕೊಂಡಿದ್ದೆ.

“ಅಮ್ಮ, ನೀನೂ ಒಂದು ಹೇಳು.”

“ನನ್ನದೆಂತ ಉಂಟು ಹೇಳಲಿಕ್ಕೆ?” ಎಂದ ಅಕ್ಕ, ಕೈ ನಿಲ್ಲಿಸದೆಯೇ, “ನನಗೆ ಸಮುದ್ರ ಇಷ್ಟ ಇಲ್ಲ. ಮದುವೆಯಾಗಿ ಬಂದಲ್ಲಿಂದ ಇಲ್ಲ. ರಾತ್ರಿ ಅದರ ಶಬ್ದ ಜೋರಾದರೆ ನಾನು ಎದ್ದು ಕೂರ್ತೇನೆ,” ಎಂದಳು. ಹಾಕಲೇ ಎಂದು ಮಗಳು ಕೇಳಿದ್ದಕ್ಕೆ, “ಹಾಕು, ಯಾರು ನೋಡ್ತಾರೆ?” ಎಂದು ನಕ್ಕಳು.

ಸಂಜೆಯೊಳಗೆ ಊರೇ ನೋಡಿತ್ತು. ಅನ್ನ ಕೊಡುವ ಕಡಲಿಗೆ ಹೀಗೆ ಹೇಳುವುದೇ ಎಂದರು ಕೆಲವರು. ಹಾಗಾದರೆ ಗಂಡ ತಂದ ಮೀನು ತಿನ್ನಬೇಡ ಎಂದರು ಇನ್ನು ಕೆಲವರು. ಮೀನುಗಾರಿಕಾ ಬೋಟಿನಲ್ಲಿ ದುಡಿಯುವ ಸದಾನಂದ ಭಾವ ಆಗ ಕಡಲ ಮೇಲಿದ್ದರು. ಅಕ್ಕ ವಿಡಿಯೋ ಅಳಿಸಿಸಿದಳು, ಆದರೆ ಅದಾಗಲೇ ಬೋಟಿನವರ ವಾಟ್ಸಾಪ್ ಗುಂಪುಗಳನ್ನು ಸೇರಿತ್ತು. “ಅವರ ಮುಖ ಹೇಗೆ ನೋಡುವುದು ಮಾರಾಯ್ತಿ? ನೀನು ಬಾ,” ಎಂದು ಫೋನಿನಲ್ಲಿ ಅತ್ತಳು. ನಾನು ಕಟಪಾಡಿಯ ನನ್ನ ಮನೆಯಿಂದ ಹೋದೆ.

ಭಾವ ಬಂದರು, ಸ್ನಾನ ಮಾಡಿದರು, ಉಂಡರು. ಕೈ ತೊಳೆದು ಬಂದು, “ನಾನು ನೋಡಿದೆ,” ಎಂದರು.

“ಅಳಿಸಿದ್ದೇನೆ,” ಎಂದಳು ಅಕ್ಕ.

“ಯಾಕೆ ಅಳಿಸಿದ್ದು? ಹೆದರಿಕೆ ನನಗೂ ಉಂಟು. ಒಮ್ಮೆ ಗಾಳಿಗೆ ಬೋಟು ವಾಲಿದಾಗ ನಾನು ಕಣ್ಣು ಮುಚ್ಚಿ ಕೂತಿದ್ದೆ. ಬೋಟಿನಲ್ಲಿ ಅದನ್ನು ಹೇಳಲಿಕ್ಕಾಗ್ತದಾ? ಮನೆಯಲ್ಲಿ ಹೇಳಿದರೆ ನೀನು ಹೆದರ್ತಿ ಅಂತ ಸುಮ್ಮನಿದ್ದೆ.”

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜದ ಮೇಲೆ ಕೈಯಿಡಬೇಕೋ ಬೇಡವೋ ಎಂದು ತಿಳಿಯದೆ ಭಾವ ಸ್ವಲ್ಪ ಹೊತ್ತು ನಿಂತೇ ಇದ್ದರು. ಕೊನೆಗೆ ಇಟ್ಟರು.

ಒಂದೇ ಸೂರಿನಡಿ ಒಬ್ಬರನ್ನೊಬ್ಬರು ಕಾಯುತ್ತಾ, ಕಾಯುವ ನೆಪದಲ್ಲೇ ಮನಸ್ಸನ್ನು ಬಚ್ಚಿಟ್ಟುಕೊಂಡು ಬಾಳುವವರು ನಮ್ಮಲ್ಲಿ ಎಷ್ಟೊಂದು ಮಂದಿ! ಮೊಬೈಲಿನ ಗದ್ದಲವನ್ನು ನಾನೂ ಮನಸಾರೆ ಹಳಿದವಳೇ. ಆದರೂ ಅಂದು ಅನಿಸಿತು, ಸಾವಿರ ಜನ ಅವಳ ಮಾತಿನಲ್ಲಿ ಬರೀ ಒಂದು ಅಭಿಪ್ರಾಯವನ್ನು ಕೇಳಿ ಜಗಳಕ್ಕೆ ನಿಂತರೆ, ಅದರೊಳಗಿನ ಭಯವನ್ನು ಕೇಳಿಸಿಕೊಂಡವರು ಒಬ್ಬರೇ, ಕೇಳಿಸಿಕೊಳ್ಳಬೇಕಾಗಿದ್ದವರೂ ಅವರೊಬ್ಬರೇ.

ಭಾವ ಕಡಲನ್ನು ಬಿಡಲಿಲ್ಲ. ಬೇರೆ ಕಸುಬು ಅವರಿಗೆ ಗೊತ್ತಿಲ್ಲ. ಆದರೆ ಮೀನುಗಾರಿಕೆಗೆ ರಜೆಯಿರುವ ಮಳೆಗಾಲದಲ್ಲಿ, ಹೆಂಡತಿಯ ಮನೆಯಲ್ಲಿ ಎಂದೂ ಒಂದು ರಾತ್ರಿಯೂ ನಿಲ್ಲದವರು, ಅಕ್ಕನ ಜೊತೆ ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿರುವ ನಮ್ಮ ತವರಿಗೆ ಬಂದು ಉಳಿದರು. ಮರುದಿನ ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ಜಗಲಿಗೆ ಬಂದು, “ಎಂತ ನಿಶ್ಶಬ್ದ ಮಾರಾಯ್ರೆ ಇಲ್ಲಿ! ಅಲೆಯ ಶಬ್ದ ಇಲ್ಲದೆ ನಿದ್ರೆಯೇ ಬರಲಿಲ್ಲ,” ಎಂದರು.

“ನನಗೆ ಅಲ್ಲಿ ಇಷ್ಟು ವರ್ಷ ಹಾಗೇ,” ಎಂದಳು ಅಕ್ಕ ಮೆಲ್ಲನೆ.

ಭಾವ ಅವಳನ್ನೇ ನೋಡಿದರು. ಆಮೇಲೆ ಅವಳ ಪಕ್ಕಕ್ಕೆ ಸರಿದು ಕುಳಿತು, “ಹಾಗಾದರೆ ಇನ್ನೂ ಸ್ವಲ್ಪ ದಿನ ಇಲ್ಲೇ ಇರುವ,” ಎಂದರು.