ಮಚ್ಚಿಗೆ ಕುಂಕುಮವಿಟ್ಟ ದಿನ

ಬೆಳಿಗ್ಗೆ ಈಳಿಗೆಮಣೆಯ ಮೇಲೆ ಕುಳಿತು ಹುರುಳಿಕಾಯಿ ಹೆಚ್ಚುತ್ತಿದ್ದೆ. ನಮ್ಮ ಮನೆಯವರು ನನಗೂ ಕೇಳಲಿ ಎಂದು ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ಯಾವುದೋ ದೇಶಕ್ಕೆ ಯಾರೂ ಆಯುಧ ಮಾರಕೂಡದೆಂದು ಲೋಕದ ದೊಡ್ಡವರೆಲ್ಲ ಸೇರಿ ಹಾಕಿದ್ದ ನಿರ್ಬಂಧವನ್ನು ಈಗ ಅವರೇ ತೆಗೆದರಂತೆ. ಆ ದೇಶದ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ಆದರೆ ಅಲ್ಲಿ ಆಳುವವರಿಗೆ ಈಗ ಬುದ್ಧಿ ಬಂದಿದೆ ಎಂಬರ್ಥದ ಮಾತು ಕಿವಿಗೆ ಬಿತ್ತು ನೋಡಿ, ಹೆಚ್ಚುವ ಕೈ ನಿಂತಿತು.

ಈ ಮಾತನ್ನು ನಾನು ಹಿಂದೆಯೇ ಕೇಳಿದ್ದೇನೆ. ನನ್ನ ತವರು ಮೂಗೂರಿನ ಆಚೆಯ ಒಂದು ಹಳ್ಳಿ. ಕಬ್ಬು ಕಡಿಯುವುದರಲ್ಲಿ ನಮ್ಮ ಚಿಕ್ಕಪ್ಪನ ಸಮ ಯಾರೂ ಇರಲಿಲ್ಲ. ಕುಡಿದರೆ ಅದೇ ಕೈ ಚಿಕ್ಕಮ್ಮನ ಮೇಲೂ ಏಳುತ್ತಿತ್ತು. ಒಂದು ದಿನ ಮಚ್ಚು ಬೀಸಿ ಅವಳ ಮುಂಗೈ ಸೀಳಿದ. ಊರ ಯಜಮಾನರು ಸೇರಿ ಮಚ್ಚು ಕಿತ್ತು ದೇವಿಯ ಗುಡಿಯೊಳಗಿಟ್ಟರು. ಇವನಿಗೆ ಯಾರೂ ಮಚ್ಚು, ಕುಡುಗೋಲು ಕೊಡಬಾರದು, ಕುಲುಮೆಯವನು ಮಾಡಿಕೊಡಬಾರದು ಎಂದು ಕಟ್ಟುಪಾಡು. ದೇವಿ ದೊಡ್ಡವಳು, ಎರಡು ವರ್ಷ ಚಿಕ್ಕಮ್ಮ ಬಾಗಿಲಿಗೆ ಬೆನ್ನು ಹಾಕಿ ನೆಮ್ಮದಿಯಾಗಿ ಮುದ್ದೆ ತೊಳಸಿದಳು. ಇದೂ ಒಂದು ಭಾಗ್ಯವೇ ಎಂದು ನಗಬೇಡಿ.

ಆದರೆ ಊರಿಗೆ ಅವನ ಕೈ ಬೇಕಿತ್ತಲ್ಲ. "ಕಬ್ಬು ಕಟಾವಿಗೆ ಬಂದದೆ, ಅಂತಾ ಆಳು ಸುಮ್ಕೆ ಕೂತವ್ನೆ" ಎಂದರು ಗದ್ದೆಯವರು. "ಕುಲುಮೇಗೂ ಒಟ್ಟೆ ಅದೆ ಕಣ್ರಣ್ಣಾ" ಎಂದ ಕುಲುಮೆಯವನು. ಹಿರಿಯ ಯಜಮಾನರಂತೂ ಮೀಸೆ ತೀಡಿ, "ಬುದ್ಧಿ ಬಂದದೆ ಬುಡ್ರಲಾ" ಎಂದು ಮುಗಿಸಿಯೇಬಿಟ್ಟರು. ಕುಡಿತ ಬಿಟ್ಟಿದ್ದಾನೆಯೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಆಯುಧಪೂಜೆಯ ದಿನ ಮಚ್ಚು ನಮ್ಮ ಜಗುಲಿಗೆ ಬಂತು. ನೇಗಿಲು, ಗುದ್ದಲಿಗಳ ಸಾಲಿನಲ್ಲಿ ಅದನ್ನೂ ತೊಳೆದಿಟ್ಟರು. ಹೊಸ ಲಂಗದ ಜಂಬದಲ್ಲಿ ಅದಕ್ಕೆ ಮೂರು ಬೆರಳ ವಿಭೂತಿ ಎಳೆದು ಕುಂಕುಮವಿಟ್ಟವಳು ನಾನೇ. ಚೆಂದ ಇಟ್ಟೆ ಎಂದು ಹೊಗಳಿಸಿಕೊಂಡೆ ಕೂಡ. ನನಗಿಂತ ದಡ್ಡಿ ಆ ತಾಲ್ಲೂಕಿನಲ್ಲೇ ಇರಲಿಲ್ಲ.

ಪೂಜೆಗೆ ಬಂದಿದ್ದ ಹಿರಿಯ ಯಜಮಾನರಿಗೆ ಕೋಸಂಬರಿ ಬಡಿಸಲು ಬಂದ ಚಿಕ್ಕಮ್ಮ, ಗಾಯದ ಗುರುತಿದ್ದ ಕೈಯನ್ನು ಅವರ ಮುಂದೆಯೇ ಹಿಡಿದಳು. "ಏಟು ಬಿದ್ದುದ್ದು ನಂಗೆ, ಮಾಪಿ ಕೊಟ್ಟೋರು ನೀವು. ನನ್ನ ಒಂದ್ ಮಾತ ಕೇಳುದ್ರಾ ಬುದ್ಧೀ?"

"ಎಂಗುಸ್ರ ಕೇಳ್ಕಂಡು ಊರ್ ನಡ್ಸಕಾಯ್ತದಾ?" ಯಜಮಾನರು ನಕ್ಕು ಇನ್ನಷ್ಟು ಹಾಕಿಸಿಕೊಂಡರು.

"ಅಂಗಾದ್ರೆ ನೀವೇ ಬಂದು ಅವ್ನ ಜೊತೇಲಿ ಬಾಳಿ."

ಮಧ್ಯಾಹ್ನದ ಬಸ್ಸಿಗೇ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಂಜನಗೂಡಿನ ತವರಿಗೆ ಹೊರಟುಹೋದಳು. ಅವಳಪ್ಪ ಬಾಗಿಲು ತೆರೆದರು. ಅವಳು ಮತ್ತೆ ಬರಲಿಲ್ಲ. ಮನೆ ಮುರಿದವಳು ಎಂಬ ಹೆಸರು ಅವಳಿಗೆ ಬಂತು; ಮಚ್ಚು ಕೊಟ್ಟ ಮಹಾನುಭಾವರಿಗೆ ಯಾವ ಹೆಸರೂ ಬರಲಿಲ್ಲ.

"ರೀ, ಅಲ್ಲಿ ಏಟು ತಿಂದವರನ್ನ ಕೇಳಿದ್ರಂತಾ, ನೋಡಿ" ಎಂದೆ ನಮ್ಮ ಮನೆಯವರಿಗೆ.

ಅವರು ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲಿನವರೆಗೂ ಹುಡುಕಿದರು. "ಅದೊಂದಿಲ್ಲ ಕಣೇ. ಮಾರೋಕೆ ತಯಾರಾಗಿರೋರ ಹೆಸರೆಲ್ಲ ಇವೆ."

ಇರದೆ ಏನು!

ಸಂಜೆ ಗುಡಿಗೆ ಹೋಗಿ ನಂಜುಂಡೇಶ್ವರನ ಮುಂದೆ ನಿಂತಾಗ, ಎಂದಿನಂತೆ ಮಕ್ಕಳ ಹೆಸರು, ಮನೆಯವರ ಮಂಡಿನೋವು ಎಲ್ಲ ಒಪ್ಪಿಸಿ ಮುಗಿದರೂ ಮುಗಿದ ಕೈ ಇಳಿಯಲಿಲ್ಲ. ಒಬ್ಬ ಗಂಡಸಿಗೆ ಮಚ್ಚು ಕೊಟ್ಟಾಗ ಚಿಕ್ಕಮ್ಮನಿಗೆ ಹತ್ತಲು ಒಂದು ಬಸ್ಸಿತ್ತು. ಇಡೀ ದೇಶಕ್ಕೇ ಕೊಟ್ಟರೆ ಅಲ್ಲಿನ ಹೆಂಗಸರು ಯಾವ ಬಸ್ಸು ಹತ್ತಬೇಕು, ಯಾರ ತವರಿಗೆ?

"ಅವರಿಗೂ ಒಂದು ಬಾಗಿಲು ತೆರೆಸಪ್ಪಾ" ಎಂದಷ್ಟೇ ಕೇಳಿ ಬಂದೆ.