ವಿಘ್ನೇಶ್ವರನ ಬಾಬ್ತು

ನಾನು ಅಕ್ಕಿ ಆರಿಸುತ್ತಿದ್ದೆ. ನಮ್ಮವರು ಏದುಸಿರು ಬಿಡುತ್ತ ಒಳಗೆ ಬಂದು, "ರಾಜಾಜಿನಗರಕ್ಕೇ ಕರೆಂಟಿಲ್ಲ ಕಣೇ. ಸಂಜೆ ನಾಟಕ ನಿಂತ ಹಾಗೇ," ಎಂದರು. ಬಡಾವಣೆಯ ಗಂಡಸರು ಕೂಡಿ ಆಡುವ ನಾಟಕಕ್ಕೆ ಅವರೇ ಖಜಾಂಚಿ. ಕಾಮಾಕ್ಷಿಪಾಳ್ಯದಲ್ಲಿ ಗ್ಯಾಸ್‌ಲೈಟು ಬಾಡಿಗೆಗೆ ಸಿಗುತ್ತಿತ್ತು, ಆದರೆ ಕೈ ಖಾಲಿ.

"ತುರ್ತಿಗೇಂತ ತೆಗೆದಿಟ್ಟಿದ್ದು ಇದೆಯಲ್ಲ," ಎಂದೆ.

ಹಿಂದಿನ ವರ್ಷ ನಾಟಕದ ತುರ್ತಿಗೆಂದು ಇಟ್ಟಿದ್ದ ಹಣವನ್ನೆಲ್ಲ ಆಡುವವರೇ ತಾಲೀಮಿನಲ್ಲಿ ಬೋಂಡಾ, ಕಾಫಿ ಅಂತ ತಿಂದು ಮುಗಿಸಿದ್ದರು. ತಾಲೀಮು ನಮ್ಮ ನಡುಮನೆಯಲ್ಲೇ. ಅದಕ್ಕೇ ಈ ಸಲ ನಾನು ಅದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ವಿಘ್ನೇಶ್ವರನ ಪಟದ ಮುಂದಿಟ್ಟಿದ್ದೆ. ಹರಕೆಯ ಮುಡಿಪೆಂದುಕೊಂಡು ರಾಕ್ಷಸನ ಪಾತ್ರದವನೂ ಅದರತ್ತ ಕೈಚಾಚಲಿಲ್ಲ.

ಈಗ ನಮ್ಮವರೇ ಹಿಂದೆ ಸರಿದರು. "ದೇವರ ದುಡ್ಡು ಕಣೇ. ಮುಟ್ಟಿದ್ರೆ ಕಣ್ಣು ಹೋಗುತ್ತೆ."

"ವಿಘ್ನೇಶ್ವರನ ದುಡ್ಡು ವಿಘ್ನಕ್ಕಲ್ಲದೆ ನಿಮ್ಮ ಬೋಂಡಾಕ್ಕಾ? ನಾನೇ ಬಿಚ್ಚಿಕೊಡ್ತೀನಿ, ತಗೊಳ್ಳಿ."

ಅವರು ಪಟದ ಮುಂದೆ ಕೆನ್ನೆ ಬಡಿದುಕೊಂಡು ಹಣ ತೆಗೆದುಕೊಂಡು ಓಡಿದರು. ಹೊತ್ತು ಇಳಿಯುವ ಮುಂಚೆ ಸೈಕಲ್ಲಿಗೆ ಎರಡು ಗ್ಯಾಸ್‌ಲೈಟು ಕಟ್ಟಿಕೊಂಡು, ಬೆಲ್ಲು ಬಾರಿಸುತ್ತ ನಮ್ಮ ಬಾಗಿಲ ಮುಂದೆಯೇ ಹಾದುಹೋದರು. ಸದ್ಯ, ಸ್ವಾಮಿ ಕೈಬಿಡಲಿಲ್ಲ ಎಂದುಕೊಂಡು ನಾನು ಸಾರಿಗೆ ಹುಣಸೆಹಣ್ಣು ನೆನೆಹಾಕಿದೆ.